ಸೀಮೆಸುಣ್ಣದ ಬಾಗಿಲು

ಎರಡನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಬುಗುರಿ. ಹದಿನಾರು ವರ್ಷಗಳಲ್ಲಿ ಆಕೆ ತರಗತಿಯ ಕುರ್ಚಿಯ ಮೇಲೆ ಕುಳಿತದ್ದನ್ನು ಕಂಡವರಿಲ್ಲ. ಆ ಕುರ್ಚಿಯ ಮೇಲೆ ಠೀವಿಯಿಂದ ಕೂರುತ್ತಿದ್ದುದು ಒಂದು ರಟ್ಟಿನ ಡಬ್ಬ. ಅದರೊಳಗೆ ಕತ್ತರಿ, ಅಂಟಿನ ಸೀಸೆ, ದಾರದ ಉಂಡೆ, ಹಳೆಯ ಕ್ಯಾಲೆಂಡರು, ಪತ್ರಿಕೆಗಳಿಂದ ಕತ್ತರಿಸಿ ರಟ್ಟಿಗೆ ಅಂಟಿಸಿದ ಮುಖಗಳು. ಮೀಸೆಯವರೆಲ್ಲ ಫಾದರ್, ಬೋಳುತಲೆಯವರೆಲ್ಲ ಗ್ರಾಂಡ್‌ಫಾದರ್. ಸೋಪಿನ ಜಾಹೀರಾತಿನ ಹೆಂಗಸು ಮದರ್. ಒಂದೇ ಮಗುವಿನ ಎರಡು ಚಿತ್ರ ಸಿಕ್ಕಿದ್ದರಿಂದ, ಒಂದಕ್ಕೆ ಪೆನ್ನಿನಲ್ಲಿ ಜಡೆ ಬರೆದು ಸಿಸ್ಟರ್ ಮಾಡಿದ್ದಳು, ಇನ್ನೊಂದನ್ನು ಹಾಗೇ ಬಿಟ್ಟು ಬ್ರದರ್ ಮಾಡಿದ್ದಳು.

ಶಿಕ್ಷಕರ ಕೊಠಡಿಯಲ್ಲೂ ಅಷ್ಟೇ. ಚಹದ ಲೋಟ ಹಿಡಿದು ಕಿಟಕಿಗೂ ಬಾಗಿಲಿಗೂ ನಡುವೆ ಓಡಾಡುವವಳು. ಗಂಟೆ ಹೊಡೆದು, ಕಸ ಗುಡಿಸಿ, ಮಕ್ಕಳ ಮೂಗು ಒರೆಸಿ, ಇಡೀ ಶಾಲೆಯನ್ನು ಸೊಂಟದಲ್ಲಿಟ್ಟುಕೊಂಡಂತೆ ನಡೆಸುತ್ತಿದ್ದ ಗಂಟೆಯಮ್ಮ ಒಮ್ಮೊಮ್ಮೆ ಛೇಡಿಸುತ್ತಿದ್ದಳು. "ಟೀಚರಮ್ಮ, ಆ ಕಾಲಿಗೆ ಸ್ವಲ್ಪ ರಜೆ ಕೊಡಿ. ನನ್ನ ಪೊರಕೆಗಿಂತ ಬೇಗ ನಿಮ್ಮ ಚಪ್ಪಲಿ ಸವೀತಾ ಇದೆ."

"ಕೂತ್ರೆ ಯೋಚನೆ ಬರುತ್ತೆ, ಗಂಟೆಯಮ್ಮ."

"ನಿಂತ್ರೆ ಬರಲ್ವಾ?"

"ನಿಂತ್ರೂ ಬರುತ್ತೆ. ಓಡಾಡ್ತಿದ್ರೆ ಹಿಂದೆ ಬೀಳುತ್ತೆ."

ಆ ಯೋಚನೆ ಯಾವುದೆಂದು ಗಂಟೆಯಮ್ಮನಿಗೂ ಗೊತ್ತಿತ್ತು, ಕೇಳುತ್ತಿರಲಿಲ್ಲ. ಅದು ಎರಡನೇ ತರಗತಿಯ ಮೂರನೇ ಸಾಲಿನಲ್ಲಿ, ಪೆನ್ಸಿಲ್ ಕಚ್ಚುತ್ತ ಕುಳಿತಿರುತ್ತಿತ್ತು.

ಟೀಚರಿಗೆ ಒಬ್ಬಳೇ ಅಕ್ಕ ಇದ್ದಳು. ಹೆತ್ತ ಮಗುವಿಗೆ ಐದು ತಿಂಗಳಾಗಿದ್ದಾಗ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಭಾವ ಲಿಫ್ಟ್ ಜೋಡಿಸುವ ಕೆಲಸದವನು. ಕಟ್ಟಡ ಏಳುವ ಊರಿಗೆಲ್ಲ ಹೋಗಬೇಕಾದವನು. ಹಾಲು ಕುಡಿಯುವ ಮಗುವನ್ನು ಎದೆಗವಚಿಕೊಂಡು ಲಿಫ್ಟಿನ ಗುಂಡಿಯೊಳಗೆ ಇಳಿಯಲಾದೀತೇ? "ಸ್ವಲ್ಪ ದಿನ ನಿನ್ನ ಹತ್ರ ಇರ್ಲಮ್ಮ" ಎಂದು ನಾದಿನಿಯ ಕೈಗೆ ಕೊಟ್ಟ. ಆ ಸ್ವಲ್ಪ ದಿನಕ್ಕೆ ಈಗ ಆರೂವರೆ ವರ್ಷ ತುಂಬಿತ್ತು. ಹದಿನೈದು ದಿನಕ್ಕೊಮ್ಮೆ ಶನಿವಾರ ತಪ್ಪದೆ ಬಂದು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿ ಹೋಗುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ಮಾತು ಮೊಟಕು.

ಮಗುವಿಗೆ ಮನೆಯಲ್ಲಿ ಇಟ್ಟ ಅಡ್ಡಹೆಸರು ಮೆಣಸು. ಆಕಾರವೂ ಅಷ್ಟೇ ಪುಟ್ಟದು, ಖಾರವೂ ಅಷ್ಟೇ. ಮನೆಯೆಂದರೆ ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆ, ಇಪ್ಪತ್ತೆರಡು ಮೆಟ್ಟಿಲು. "ಅಪ್ಪ ಊರಿಗೆಲ್ಲ ಲಿಫ್ಟ್ ಹಾಕ್ತಾನೆ, ನಮಗೆ ಮಾತ್ರ ಮೆಟ್ಟಿಲು" ಎಂದು ಪ್ರತಿ ಸಂಜೆ ಹನ್ನೆರಡನೇ ಮೆಟ್ಟಿಲಲ್ಲಿ ನಿಂತು ಗೊಣಗುವುದು ಅವಳ ಪದ್ಧತಿ. ಮನೆಯಲ್ಲಿ ಅವಳಿಗೆ ಟೀಚರ್ "ಚಿಕ್ಕಮ್ಮ, ನೀನು." ಶಾಲೆಯ ಗೇಟು ದಾಟಿದೊಡನೆ "ಮಿಸ್, ನೀವು." ಒಮ್ಮೆ ಗೇಟಿನ ಹೊರಗೆ ಒಂದು ಕಾಲು, ಒಳಗೆ ಒಂದು ಕಾಲು ಇಟ್ಟು ನಿಂತು, "ಈಗ ಏನಂತ ಕರೀಲಿ?" ಎಂದು ಕೇಳಿದ್ದಳು.

ಆ ವರ್ಷದ ಪಾಠ ಸಂಬಂಧಗಳದ್ದು. ಪುಸ್ತಕದಲ್ಲಿ ಒಂದು ಪುಟ: ಒಂದು ಮರ, ಕೊಂಬೆಗೊಂದು ಮುಖ, ಕೆಳಗೆ ಎಂಟು ಶಬ್ದ. ಬಾಯಿಪಾಠ ಮಾಡಿಸಿದರೆ ಅರ್ಧ ಗಂಟೆಯ ಕೆಲಸ. ಬುಗುರಿಗೆ ಅದು ಹಿಡಿಸಬೇಕಲ್ಲ. ಬಾಯಿಗೆ ಬಂದದ್ದು ಬಾಯಲ್ಲೇ ಕರಗಿಹೋಗುತ್ತದೆ, ಕಾಲಿಗೆ ಬಂದದ್ದು ಉಳಿಯುತ್ತದೆ ಎಂಬುದು ಆಕೆಯ ನಂಬಿಕೆ. ಬೆಂಚುಗಳನ್ನು ಗೋಡೆಗೆ ತಳ್ಳಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆದಳು. ಪ್ರತಿ ಮನೆಗೂ ಒಂದು ಬಾಗಿಲು, ಬಾಗಿಲಿಗೊಂದು ಹಿಡಿ. ಮಕ್ಕಳು ಡಬ್ಬದಿಂದ ಒಂದೊಂದು ರಟ್ಟು ಎತ್ತಿ ದಾರದಿಂದ ಕೊರಳಿಗೆ ಹಾಕಿಕೊಳ್ಳಬೇಕು. ಆಕೆ ಡಸ್ಟರಿನಿಂದ ಮೇಜು ಬಡಿದರೆ ಓಡಬೇಕು. ಒಂದೊಂದು ಮನೆಗೆ ಒಬ್ಬ ಫಾದರ್, ಒಬ್ಬ ಮದರ್, ಬ್ರದರ್, ಸಿಸ್ಟರ್, ಅಜ್ಜ, ಅಜ್ಜಿ. ಇಬ್ಬರು ಮದರ್ ಒಂದೇ ಮನೆಗೆ ನುಗ್ಗಿದರೆ ಒಬ್ಬಳು ಓಡಿಹೋಗಿ ಬೇರೆ ಮನೆ ಹುಡುಕಬೇಕು. ಮೊದಲ ದಿನವೇ ಒಬ್ಬ ಗ್ರಾಂಡ್‌ಫಾದರ್ ಜಾರಿ ಬಿದ್ದು ಮೊಣಕಾಲು ತರಚಿಕೊಂಡ. ಪಕ್ಕದ ಕೊಠಡಿಯಿಂದ ಲೆಕ್ಕದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು.

"ಟೀಚರೇ, ನನ್ನ ಮಕ್ಕಳು ಏಳೆಂಟ್ಲ ಅಂದ್ರೆ ಗ್ರಾಂಡ್‌ಮದರ್ ಅಂತಿದ್ದಾರೆ. ಈ ಸಂಸಾರ ಸ್ವಲ್ಪ ಮೆತ್ತಗೆ ನಡೆಸ್ತೀರಾ?"

"ಮೆತ್ತಗೆ ನಡೆಯೋ ಸಂಸಾರ ನೀವು ನೋಡಿದ್ದೀರಾ ಮೇಷ್ಟ್ರೇ?"

ಮೇಷ್ಟ್ರು ತಮ್ಮ ಮನೆಯನ್ನು ನೆನೆದುಕೊಂಡರೇನೋ, ಹಾಗೇ ಹಿಂದಿರುಗಿದರು.

ಉಳಿದುದು ಅಂಕಲ್ ಮತ್ತು ಆಂಟ್. ಇವರಿಗೆ ಮನೆಯೊಳಗೆ ಜಾಗವಿಲ್ಲ, ಇವರು ನೆಂಟರು. ಎಲ್ಲರೂ ಸೇರಿಕೊಂಡ ಮೇಲೆ ಇವರು ಬಂದು ಸೀಮೆಸುಣ್ಣದ ಬಾಗಿಲ ಮುಂದೆ ನಿಂತು ಕಾಲಿನಿಂದ ನೆಲ ತಟ್ಟಬೇಕು. ಒಳಗಿನವರು "ಹೂ ಆರ್ ಯೂ?" ಎನ್ನಬೇಕು. "ಐ ಯಾಮ್ ಆನ್ ಆಂಟ್." "ಕಮ್ ಇನ್, ಆಂಟ್!" ಆಗ ಒಳಗೆ ಪ್ರವೇಶ. "ಎ ಆಂಟ್" ಎಂದವರಿಗೆ ಬಾಗಿಲು ತೆರೆಯುವುದಿಲ್ಲ. ಆ ನಿಯಮವನ್ನು ಆಕೆ ಮಕ್ಕಳಿಗೆ ಹೇಳಿಕೊಟ್ಟ ಬಗೆ ಹೀಗೆ: ನಾವು ಮನೆ, ಅನ್ನು ಎಂದು ಬಿಡಿಬಿಡಿಯಾಗಿ ಹೇಳುವುದಿಲ್ಲ, ನಡುವೆ ಯಕಾರ ಕೂರಿಸಿ ಮನೆಯನ್ನು ಎನ್ನುತ್ತೇವೆ, ಗುರು ಎಂಬಲ್ಲಿ ವಕಾರ ಬಂದು ಗುರುವನ್ನು ಆಗುತ್ತದೆ. ಎರಡು ಸ್ವರ ಎದುರುಬದುರಾದರೆ ಮೂತಿ ತಗಲುತ್ತದೆ, ನಡುವೆ ಒಬ್ಬ ಬೇಕು. ಇಂಗ್ಲಿಷಿನವರು ಅಲ್ಲಿ ನಕಾರವನ್ನು ಕೂರಿಸುತ್ತಾರೆ, ಅಷ್ಟೇ. ಮಕ್ಕಳು ಮೂತಿ ತಗಲಿಸಿ ನೋಡಿ ನಕ್ಕು, ಆ ಮೇಲೆ ಮರೆಯಲಿಲ್ಲ.

ಮರೆಯದೆ ಗಲಾಟೆ ಎಬ್ಬಿಸಿದ್ದು ಬೇರೆ ವಿಷಯಕ್ಕೆ. ಅತ್ತೆಗೂ ಆಂಟ್, ಸೋದರತ್ತೆಗೂ ಆಂಟ್, ದೊಡ್ಡಮ್ಮನಿಗೂ ಚಿಕ್ಕಮ್ಮನಿಗೂ ಆಂಟ್ ಎಂದಾಗ ತರಗತಿ ಒಪ್ಪಲಿಲ್ಲ.

"ಮಿಸ್, ನಮ್ಮ ಅತ್ತೆಗೂ ಚಿಕ್ಕಮ್ಮಂಗೂ ಮಾತಿಲ್ಲ" ಎಂದು ಮುಂದಿನ ಸಾಲಿನ ಹುಡುಗಿ ಎದ್ದಳು. "ಇಬ್ರನ್ನೂ ಒಂದೇ ರಟ್ಟಲ್ಲಿ ಹಾಕಿದ್ರೆ ಕೂದ್ಲು ಕಿತ್ಕೋತಾರೆ."

"ಇಂಗ್ಲಿಷಿನವ್ರಿಗೆ ನೆಂಟರೇ ಕಡಿಮೆ ಇರ್ಬೇಕು ಮಿಸ್, ಪಾಪ" ಎಂದ ಇನ್ನೊಬ್ಬ.

ಮೆಣಸು ಮಾತ್ರ ಪೆನ್ಸಿಲ್ ಕಚ್ಚುತ್ತಿದ್ದಳು. ಅವಳು ಸುಮ್ಮನಿದ್ದರೆ ಏನೋ ಬೇಯುತ್ತಿದೆ ಎಂದೇ ಅರ್ಥ.

ಈ ಆಟದ ನಡುವೆ ಆ ಸೋಮವಾರ ಬಂತು.

ಅದಕ್ಕೆ ಒಂದು ತಿಂಗಳು ಮೊದಲು ಭಾವ ಬಂದಿದ್ದಾಗ, ಚಹ ಆರುವವರೆಗೂ ಲೋಟ ತಿರುಗಿಸುತ್ತ ಕುಳಿತು, ತಾನು ಮತ್ತೆ ಮದುವೆಯಾಗುವ ವಿಷಯ ಹೇಳಿದ್ದ. ಹುಡುಗಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಒಳ್ಳೆಯವಳು, ಮಗುವಿನ ವಿಷಯ ತಿಳಿದೇ ಒಪ್ಪಿದವಳು. "ಮಗು ಅವಳನ್ನ ಏನಂತ ಕರೀಬೇಕು?" ಎಂದು ಕೇಳಿದಾಗ, ಟೀಚರ್ ಒಲೆಯ ಕಡೆ ತಿರುಗಿಕೊಂಡು, "ಚಿಕ್ಕಮ್ಮ ಅಂತ ಕರೀಲಿ ಭಾವ. ರೂಢಿ ಅದೇ ತಾನೇ?" ಎಂದಿದ್ದಳು. ರೂಢಿ ಹೌದು. ತಾಯಿಯ ತಂಗಿಯೂ ಚಿಕ್ಕಮ್ಮ, ತಂದೆಯ ಎರಡನೆಯ ಹೆಂಡತಿಯೂ ಚಿಕ್ಕಮ್ಮ. ನೆಂಟಸ್ತಿಕೆಯ ಎಳೆ ಎಳೆಗೂ ಬೇರೆ ಬೇರೆ ಹೆಸರಿಟ್ಟ ನಮ್ಮ ಭಾಷೆ, ಅದೇಕೋ ಈ ಇಬ್ಬರನ್ನು ಮಾತ್ರ ಒಂದೇ ಮಣೆಯ ಮೇಲೆ ಕೂರಿಸಿದೆ. ಮದುವೆ ಸದ್ದುಗದ್ದಲವಿಲ್ಲದೆ ನಡೆದುಹೋಯಿತು. ಆ ಮೇಲೆ ಭಾವ ಹೊಸ ಕಟ್ಟಡದ ಅವಸರದಲ್ಲಿ ಒಂದು ಶನಿವಾರ ತಪ್ಪಿಸಿದ.

ಸೋಮವಾರ ಮಧ್ಯಾಹ್ನ ಶಾಲೆಯ ವರಾಂಡದಲ್ಲಿ ನಿಂತಿದ್ದಾಗ ಫೋನು ಬಂತು. ಭಾವ ಲಿಫ್ಟಿನ ಗುಂಡಿಯೊಳಗಿಂದ ಮಾತಾಡುತ್ತಿದ್ದ. ಧ್ವನಿ ಬಾವಿಯಿಂದ ಬಂದಂತೆ.

"ಹೇಳ್ತಾ ಇದ್ದೆ... ನಾವಿಬ್ರೂ ಕೂತು ಮಾತಾಡಿದ್ವಿ. ಪರೀಕ್ಷೆ ಮುಗಿದ ಮೇಲೂ ಮಗು ಚಿಕ್ಕಮ್ಮನ ಹತ್ರ ಇರೋದೇ ಸರಿ. ಅದೇ ಖಾಯಂ ಆಗ್ಲಿ. ಕೇಳಿಸ್ತಾ?"

"ಕೇಳಿಸ್ತು ಭಾವ."

"ಶುಕ್ರವಾರ ನಿಮ್ಮ ಶಾಲೇಲಿ ಪೋಷಕರ ದಿನ ಅಂದ್ಯಲ್ಲ, ಇಬ್ರೂ ಬರ್ತೀವಿ. ಉಳಿದದ್ದು ಆಗ..."

ಗುಂಡಿ ಮಾತನ್ನು ನುಂಗಿಬಿಟ್ಟಿತು. ಟೀಚರ್ ಮತ್ತೆ ಫೋನು ಮಾಡಲಿಲ್ಲ. ಮಾಡಿ ಕೇಳುವುದೇನಿದೆ? ಚಿಕ್ಕಮ್ಮ ಎಂಬ ಹೆಸರನ್ನು ಆ ಹೊಸಬಳಿಗೆ ತನ್ನ ಬಾಯಾರೆ ಎತ್ತಿಕೊಟ್ಟವಳು ತಾನೇ. ಹೆಸರು ಹೋದ ದಾರಿಯಲ್ಲೇ ಮಗುವೂ ಹೊರಟಿತು.

ಅಂದು ಸಂಜೆ ಮನೆಗೆ ಹೋಗುವ ದಾರಿ ಹತ್ತು ನಿಮಿಷದ್ದು; ಆಕೆ ಮೆಣಸಿನ ಕೈ ಹಿಡಿದು ಮುಕ್ಕಾಲು ಗಂಟೆ ನಡೆದಳು. ಅಂಚೆ ಕಚೇರಿ ದಾಟಿ, ಸೈಕಲ್ ರಿಪೇರಿಯವನ ಅಂಗಡಿ ದಾಟಿ, ಮತ್ತೆ ಅಂಚೆ ಕಚೇರಿಯ ಹತ್ತಿರ ಬಂದಾಗ ಮೆಣಸು ನಿಂತಳು.

"ಚಿಕ್ಕಮ್ಮ, ಈ ಕೆಂಪು ಡಬ್ಬ ಆಗ್ಲೇ ನೋಡಿದ್ವಿ."

"ಗಾಳಿ ಚೆನ್ನಾಗಿದೆ, ಸ್ವಲ್ಪ ಸುತ್ತೋಣ."

"ಬುಗುರಿ ಅಂತ ಸುಮ್ನೆ ಕರೀತಾರಾ!" ಎಂದು ಮೆಣಸು ದೊಡ್ಡವಳ ಹಾಗೆ ತಲೆಯಾಡಿಸಿದಳು. ಗೇಟಿನ ಹೊರಗಾದ್ದರಿಂದ ಅವಳಿಗೆ ಭಯವಿರಲಿಲ್ಲ.

ಮಂಗಳವಾರ ಆಕೆ ಶಾಲೆಯ ದಪ್ಪ ನಿಘಂಟನ್ನು ನಿಂತೇ ತೆರೆದಳು. ಇಂಗ್ಲಿಷಿನವರು ಈ ಇಬ್ಬರು ಚಿಕ್ಕಮ್ಮಂದಿರನ್ನು ಏನು ಮಾಡಿದ್ದಾರೆಂದು ನೋಡಬೇಕಿತ್ತು. ಗೊತ್ತಿದ್ದ ಸಂಗತಿಯೇ, ಆದರೂ ಅಚ್ಚಿನಲ್ಲಿ ನೋಡಬೇಕೆನಿಸಿತು. ತಾಯಿಯ ತಂಗಿ: ಆಂಟ್. ತಂದೆಯ ಹೊಸ ಹೆಂಡತಿ: ಸ್ಟೆಪ್‌ಮದರ್. ಐದಾರು ನೆಂಟರನ್ನು ಒಂದೇ ಚೀಲಕ್ಕೆ ತುಂಬುವ ಭಾಷೆ ಇಲ್ಲಿ ಮಾತ್ರ ಬಲು ಚೊಕ್ಕವಾಗಿ ಪಾಲು ಮಾಡಿತ್ತು. ಮದರ್ ಎಂಬ ಶಬ್ದ ಹೊಸಬಳ ಪಾಲಿಗೆ ಹೋಯಿತು. ಚಿಕ್ಕಮ್ಮ ಎಂಬಲ್ಲಿ ಚಿಕ್ಕದಾದರೂ ಒಂದು ಅಮ್ಮ ಇದ್ದಾಳೆ. ಆಂಟ್ ಎಂಬುದನ್ನು ಹೇಗೆ ಬಿಡಿಸಿ ಬರೆದರೂ ಯಾರೂ ಸಿಗುವುದಿಲ್ಲ. ನೆಂಟಳು, ಬಾಗಿಲು ತಟ್ಟುವವಳು. ಆಟದ ನಿಯಮ ಬರೆದವಳೂ ತಾನೇ ಅಲ್ಲವೇ?

ನಿಘಂಟು ಮುಚ್ಚಿ, ಶುಕ್ರವಾರದ ಪಾಠದ ಟಿಪ್ಪಣಿಯನ್ನು ಹರಿದಳು. ಪೋಷಕರ ಮುಂದೆ ಬಾಗಿಲು ತಟ್ಟುವ ಆಟ ಬೇಡ. ಜೋಡಿ ಹುಡುಕುವ ಆಟ ಆಡಿಸೋಣ: ರಟ್ಟುಗಳನ್ನು ಮಗುಚಿಟ್ಟು, ಮುಖಕ್ಕೆ ಶಬ್ದ ಹೊಂದಿಸುವುದು. ಊಟದ ಹೊತ್ತಿಗೆ ಅದೂ ಬೇಡವಾಯಿತು. ಕಾಣೆಯಾದವರು ಯಾರು ಆಟ? ಮಕ್ಕಳು ಕಣ್ಣು ಮುಚ್ಚಿದಾಗ ಮನೆಯಿಂದ ಒಬ್ಬರನ್ನು ಮರೆಮಾಡಿ, ಯಾರಿಲ್ಲ ಎಂದು ಕೇಳುವುದು. ಆ ಆಟದ ಹೆಸರನ್ನು ಬರೆದವಳೇ ಪೆನ್ನು ಕೆಳಗಿಟ್ಟಳು. ಬುಧವಾರ ಬೆಳಗ್ಗೆ ಮತ್ತೊಂದು ಬರೆದು, ಮಧ್ಯಾಹ್ನ ಅದನ್ನೂ ಹೊಡೆದುಹಾಕಿದಳು. ಗಂಟೆಯಮ್ಮ ಕಸದ ಬುಟ್ಟಿ ಎತ್ತುತ್ತ, "ಏನ್ ಟೀಚರಮ್ಮ, ಈ ವಾರ ನಿಮ್ಮ ಬುಟ್ಟಿಯೊಂದೇ ಇಡೀ ಶಾಲೆಗೆ ಸಮ ತೂಗ್ತಾ ಇದೆ" ಎಂದಳು. ಆಕೆ ನಗಲಿಲ್ಲ. ಗಂಟೆಯಮ್ಮ ಬುಟ್ಟಿಯನ್ನು ಕೆಳಗಿಟ್ಟು, "ಮಗೂಗೆ ಮೈ ಸರಿ ಇದೆ ತಾನೇ?" ಎಂದಳು.

"ಸರಿ ಇದೆ. ಅವರಪ್ಪ ಕರ್ಕೊಂಡು ಹೋಗ್ತಾರೆ."

"ಯಾರು ಹೇಳಿದ್ದು?"

"ಅವರೇ."

"ನೀವು ಒಂದು ಮಾತು ಆಡಲಿಲ್ವಾ?"

"ಆಡೋಕೆ ನಾನ್ಯಾರು, ಗಂಟೆಯಮ್ಮ? ಅವರ ಮಗು."

"ಅಯ್ಯೋ, ದಿನಾ ಸಂಬಂಧದ ಪಾಠ ಮಾಡ್ತೀರ. ನಾನ್ಯಾರು ಅಂತ ನನ್ನ ಕೇಳ್ತೀರಲ್ಲ" ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಗುರುವಾರ ಸಂಜೆ ಆಕೆ ಮೆಣಸಿನ ಬಟ್ಟೆಗಳನ್ನು ಒಂದು ಚೀಲಕ್ಕೆ ಹಾಕತೊಡಗಿದಳು. ಮಗುವಿಗೆ ಹೇಳದೆ ಇರುವುದು ತಪ್ಪು. ಹೇಳುವುದಾದರೂ ಹೇಗೆ? ಮಡಿಸಿದ್ದ ಲಂಗವನ್ನು ಬಿಚ್ಚಿ ಮತ್ತೆ ಮಡಿಸಿದಳು. ಕೆಳಗೆ ದರ್ಜಿಯ ಯಂತ್ರ ಟರ್ ಎಂದು ಓಡಿ ನಿಲ್ಲುತ್ತಿತ್ತು, ಓಡಿ ನಿಲ್ಲುತ್ತಿತ್ತು.

"ಮೆಣಸು, ಬಾ ಇಲ್ಲಿ. ಪರೀಕ್ಷೆ ಆದ್ಮೇಲೆ ನೀನು ಚಿಕ್ಕಮ್ಮನ ಹತ್ರ ಇರ್ತೀಯ. ಆಯ್ತಾ?"

ಮೆಣಸು ಪಾಟಿಯಿಂದ ತಲೆಯೆತ್ತಿದಳು. "ಈಗ ಯಾರ ಹತ್ರ ಇದ್ದೀನಿ?"

"ಈಗ... ಈಗಿಂದಲ್ಲ. ಆಮೇಲಿಂದು. ಖಾಯಂ ಆಗಿ."

"ಈಗ ಖಾಯಂ ಇಲ್ವಾ?"

ಟೀಚರ್ ಹೊಸ ಚಿಕ್ಕಮ್ಮ ಎನ್ನಬೇಕಿತ್ತು; ಆ ವಿಶೇಷಣವನ್ನು ಬಿಟ್ಟೇಬಿಟ್ಟಳು. ಎದ್ದು ಕಿಟಕಿ ಮುಚ್ಚಿದಳು, ಸೆಕೆಯೆನಿಸಿ ತೆರೆದಳು. ಮೆಣಸು ಅವಳನ್ನೇ ನೋಡುತ್ತಿದ್ದು, "ಚಿಕ್ಕಮ್ಮ, ನೀನು ಸ್ವಲ್ಪ ನೀರು ಕುಡಿ" ಎಂದು ಮತ್ತೆ ಬರೆಯತೊಡಗಿದಳು. ಅವಳ ಮಟ್ಟಿಗೆ ಸುದ್ದಿಯಲ್ಲಿ ಸುದ್ದಿಯೇ ಇರಲಿಲ್ಲ. ಚಿಕ್ಕಮ್ಮನ ಹತ್ತಿರ ಇರುವುದು, ಅಷ್ಟೇ ತಾನೇ?

ಶುಕ್ರವಾರ ಹಿಂದಿನ ಬೆಂಚುಗಳ ಮೇಲೆ ಪೋಷಕರು ಮೊಣಕಾಲು ಮಡಿಸಿಕೊಂಡು ಕುಳಿತಿದ್ದರು. ಆ ಬೆಂಚುಗಳಾದರೋ ಏಳು ವರ್ಷದವರ ಅಳತೆಯವು. ಕೊನೆಯ ಬೆಂಚಿನಲ್ಲಿ ಭಾವ. ಎಣ್ಣೆಯ ಕಲೆ ಹೋಗಲೆಂದು ಕೈ ಉಜ್ಜಿ ಉಜ್ಜಿ ಕೆಂಪಗಾಗಿತ್ತು. ಪಕ್ಕದಲ್ಲಿ ಹೊಸಬಳು. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕುಳಿತಿದ್ದಳು. ಇವಳೂ ಹೆದರಿದ್ದಾಳೆ ಎಂದು ಟೀಚರಿಗೆ ಅನ್ನಿಸಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಆಡಿಸಬೇಕೆಂದು ಬರೆದುಕೊಂಡಿದ್ದ ಆಟ ಬೇರೆ. ಆದರೆ ಮಕ್ಕಳು ಅಷ್ಟರಲ್ಲಿ ತಾವೇ ಬೆಂಚು ತಳ್ಳಿ, ಸೀಮೆಸುಣ್ಣ ಹಿಡಿದು ಮನೆಗಳನ್ನು ಬರೆದುಬಿಟ್ಟಿದ್ದರು. "ಮಿಸ್, ಬಾಗ್ಲು ತಟ್ಟೋ ಆಟ! ಬಾಗ್ಲು ತಟ್ಟೋ ಆಟ!" ಎಂದು ಕೊಠಡಿಯೆಲ್ಲ ಕೂಗಿತು. ಪೋಷಕರ ಎದುರಿಗೆ ಬೇಡವೆನ್ನುವುದು ಹೇಗೆ? ಡಬ್ಬ ಮುಂದಿಟ್ಟಳು. ಒಬ್ಬೊಬ್ಬರೇ ಕೈ ಹಾಕಿ ರಟ್ಟು ಎತ್ತಿದರು. ಮೆಣಸಿಗೆ ಬಂದದ್ದು ಆಂಟ್.

ಡಸ್ಟರ್ ಬಡಿಯಿತು. ಮಕ್ಕಳು ಓಡಿದರು, ಕಿರುಚಿದರು, ಒಬ್ಬರನ್ನೊಬ್ಬರು ಎಳೆದುಕೊಂಡರು. ಒಂದು ಮನೆಯಲ್ಲಿ ಇಬ್ಬರು ಫಾದರ್ ಜಗಳವಾಡಿ ಒಬ್ಬ ಸೋತು ಹೊರಟ. ಪೋಷಕರು ನಕ್ಕರು. ಕೊನೆಗೆ ಎಲ್ಲ ಮನೆಗಳೂ ತುಂಬಿದವು. ಅಂಕಲ್‌ಗಳೂ ಆಂಟ್‌ಗಳೂ ಬಾಗಿಲ ಮುಂದೆ ಬಂದು ನಿಂತು ತಟ್ಟತೊಡಗಿದರು. ಮೆಣಸು ಮಾತ್ರ ತಟ್ಟಲಿಲ್ಲ. ಸೀಮೆಸುಣ್ಣದ ಗೆರೆಯನ್ನು ಸೀದಾ ದಾಟಿ ಮನೆಯೊಳಗೆ ಹೋಗಿ, ನಡುಮನೆಯಲ್ಲಿ ಕಾಲು ಚಾಚಿ ಕುಳಿತಳು.

"ಏಯ್, ಆಂಟ್ ತಟ್ಟಿ ಬರ್ಬೇಕು!" ಎಂದಳು ಆ ಮನೆಯ ಮದರ್.

"ನಾನ್ಯಾಕೆ ತಟ್ಲಿ? ನನ್ನ ಮನೆ."

"ಮಿಸ್, ಇವಳು ಮೋಸ!"

ಟೀಚರ್ ಹತ್ತಿರ ಬಂದಳು. ಧ್ವನಿಯನ್ನು ಆದಷ್ಟು ಹಗುರಾಗಿಸಿ, "ಆಂಟ್ ಅಂದ್ರೆ ನೆಂಟರಲ್ವಾ, ಪುಟ್ಟ? ಹೊರಗೆ ಬಂದು ತಟ್ಟು" ಎಂದಳು.

ಮೆಣಸು ಅಲುಗಲಿಲ್ಲ. "ನೀವೇ ಹೇಳಿದ್ರಿ ಮಿಸ್, ಅಮ್ಮನ ತಂಗಿ ಆಂಟ್ ಅಂತ. ನಮ್ಮ ಮನೇಲಿ ಆಂಟ್ ಬಾಗ್ಲು ತಟ್ಟಲ್ಲ. ಬೀಗದ ಕೈ ಅವರ ಸೆರಗಿನ ತುದೀಲೇ ಇರುತ್ತೆ. ಅವರು ಹತ್ತಿ ಬರೋವರೆಗೂ ನಾನೇ ಮೆಟ್ಟಿಲ ಮೇಲೆ ಕಾಯ್ತೀನಿ."

ಪೋಷಕರೆಲ್ಲ ಗೊಳ್ಳೆಂದರು. ಕೊನೆಯ ಬೆಂಚಿನವರಿಬ್ಬರು ನಗಲಿಲ್ಲ. ಟೀಚರ್ ಕರಿಹಲಗೆಯ ಕಡೆ ತಿರುಗಿ, ಅಲ್ಲಿದ್ದ ದಿನಾಂಕವನ್ನು ಅಳಿಸಿ ಅದೇ ದಿನಾಂಕವನ್ನು ಮತ್ತೆ ಬರೆದಳು. ಸೆರಗಿನ ತುದಿಯ ಗಂಟು ಬೆನ್ನ ಹಿಂದೆ ತೂಗಾಡುತ್ತಿತ್ತು. ಅದರೊಳಗಿನದು ಬೀಗದ ಕೈ ಎಂದು ಈಗ ಇಡೀ ಕೊಠಡಿಗೆ ಗೊತ್ತಾಗಿತ್ತು.

ಗಂಟೆ ಹೊಡೆಯಿತು. ಪೋಷಕರು ತಮ್ಮ ತಮ್ಮ ಮೊಣಕಾಲುಗಳನ್ನು ಬಿಡಿಸಿಕೊಂಡು, ಮಕ್ಕಳನ್ನು ಕರೆದುಕೊಂಡು ಹೊರಟರು. ಕೊಠಡಿಯಲ್ಲಿ ಉಳಿದವರು ನಾಲ್ವರು, ನೆಲದ ಮೇಲೆ ನಾಲ್ಕು ಮನೆ. ಮೆಣಸು ಇನ್ನೂ ತನ್ನ ಮನೆಯಿಂದ ಎದ್ದಿರಲಿಲ್ಲ. ಟೀಚರ್ ಮೇಜಿನ ಕೆಳಗಿಂದ ಚೀಲ ತೆಗೆದು, ಒಂದೇ ಉಸಿರಿಗೆ ಹೇಳಿದಳು.

"ಬಟ್ಟೆ ಇಟ್ಟಿದ್ದೀನಿ ಭಾವ. ಪರೀಕ್ಷೆವರೆಗೆ ಬೇಕಾದ್ದು ಮಾತ್ರ ಮನೇಲಿದೆ. ಹಾಲು ತುಂಬಾ ಬಿಸಿ ಕೊಟ್ರೆ ಕುಡಿಯಲ್ಲ. ಎಡಗಾಲಿನ ಚಪ್ಪಲಿ ಬೇಗ ಕಿತ್ಕೊಳ್ತಾಳೆ..."

"ತಡಿ, ತಡಿ. ಬಟ್ಟೆ ಯಾಕೆ? ಮಗು ಎಲ್ಲಿಗೆ ಹೋಗುತ್ತೆ?"

"ಚಿಕ್ಕಮ್ಮನ ಹತ್ರ. ನೀವೇ ಅಂದ್ರಲ್ಲ."

"ಹೌದು. ಅಂದೆ. ನಿನ್ನ ಹತ್ರ ಇರೋಕೆ ಬಟ್ಟೆ ನನ್ನ ಕೈಲಿ ಯಾಕೆ ಕೊಡ್ತಿದ್ದೀಯ?"

ಟೀಚರ್ ಚೀಲವನ್ನು ಎದೆಗೆ ಒತ್ತಿಕೊಂಡಳು. ಭಾವ ಅವಳನ್ನೂ ಚೀಲವನ್ನೂ ನೋಡಿದ. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು ಅವನಿಗೆ.

"ಅಯ್ಯೋ ಮಾರಾಯ್ತಿ! ಸೋಮವಾರದಿಂದ ಹೀಗೇ ಇದ್ದೀಯಾ? ಯಾವ ಚಿಕ್ಕಮ್ಮ ಅಂತ ಒಂದು ಮಾತು ಕೇಳೋಕೆ ಬಾಯಿರಲಿಲ್ವಾ?"

"ನಿಮ್ಮ ಫೋನು ಕಡಿದು ಹೋಯ್ತು."

"ಮತ್ತೆ ಮಾಡ್ಬಾರ್ದಾ?"

"ಕೇಳಿದ್ರೆ ಹೌದು ಅಂತೀರೇನೋ ಅಂತ..." ಅಷ್ಟು ಹೇಳಿ ಆಕೆ ಮೂಗು ಒರೆಸಿಕೊಂಡಳು. ಅಂಗೈಯ ಸೀಮೆಸುಣ್ಣ ಕೆನ್ನೆಗೆ ಮೆತ್ತಿತು.

ಹೊಸಬಳು ಆಗ ಮಾತಾಡಿದಳು. "ಇವರು ಮಾತಾಡೋದೇ ಹೀಗೆ, ಅಕ್ಕ. ಅರ್ಧ ಗುಂಡಿಯೊಳಗೆ ಬಿಟ್ಟು ಬರ್ತಾರೆ. ಮಗೂನ ಅಲ್ಲಿಂದ ಕದಲಿಸೋದು ಬೇಡ ಅಂತ ನಾನೇ ಅಂದಿದ್ದು. ಬೇರು ಬಿಟ್ಟಿದೆ. ನಾವು ಶನಿವಾರ ಶನಿವಾರ ಬರ್ತೀವಿ, ನೀವು ಬೇಡ ಅನ್ನದಿದ್ರೆ."

ಅಕ್ಕ ಎಂಬ ಮಾತು ಟೀಚರ ಬಾಯಿಗೆ ಬಂದು ಬಹಳ ವರ್ಷವಾಗಿತ್ತು. ಮನೆಯ ಕಿರಿಯವಳಾಗಿ ಹುಟ್ಟಿದ ಆಕೆ ಆ ಶಬ್ದದಿಂದ ಕರೆದವಳೇ ಹೊರತು ಕರೆಸಿಕೊಂಡವಳಲ್ಲ. ಚೀಲವನ್ನು ಮೇಜಿನ ಮೇಲಿಟ್ಟಳು, ಅಲ್ಲಿಂದ ಎತ್ತಿ ಕಿಟಕಿಯ ಹತ್ತಿರ ಇಟ್ಟಳು, ಮತ್ತೆ ಎತ್ತಿಕೊಂಡಳು.

"ಆದ್ರೆ ಒಂದು ವಿಷ್ಯ" ಎಂದಳು ಹೊಸಬಳು, ಕನ್ನಡಕ ಸರಿಮಾಡಿಕೊಂಡು. "ಚಿಕ್ಕಮ್ಮ ಅಂತ ನನ್ನ ಕರೆಸ್ಬೇಡಿ. ಒಂದು ವಾರಕ್ಕೇ ಇಷ್ಟು ಗೊಂದಲ ಆಯ್ತು, ನಾಳೆ ಯಾವುದಕ್ಕೋ ಏನೋ. ಏನಂತ ಕರೀಬೇಕು ಅಂತ ಮಗೂನೇ ಹೇಳ್ಲಿ."

ಮೂವರೂ ಮೆಣಸಿನ ಕಡೆ ತಿರುಗಿದರು. ಮೆಣಸು ಸೀಮೆಸುಣ್ಣದ ನಡುಮನೆಯಲ್ಲಿ ಕುಳಿತೇ ಹೊಸಬಳನ್ನು ಕಾಲಿನಿಂದ ತಲೆಯವರೆಗೆ ಅಳೆದಳು. ಪೆನ್ಸಿಲ್ ಇರಲಿಲ್ಲವಾದ್ದರಿಂದ ಕೊರಳ ದಾರವನ್ನೇ ಕಚ್ಚಿದಳು.

"ನಿಮ್ಹತ್ರ ನಮ್ಮ ಮನೆ ಬೀಗದ ಕೈ ಇದ್ಯಾ?"

"ಇಲ್ಲ."

"ಹಾಗಾದ್ರೆ ಬಾಗ್ಲು ತಟ್ಟಿ ಬರ್ಬೇಕು" ಎಂದು ಕೊರಳಿನ ರಟ್ಟು ತೆಗೆದು ಗೆರೆಯಾಚೆ ಚಾಚಿದಳು. "ನೀವು ಆಂಟ್ ಆಗಿ."

ಹೊಸಬಳು ಭಾವನ ಮುಖ ನೋಡಿದಳು, ಟೀಚರ ಮುಖ ನೋಡಿದಳು. ಆ ಮೇಲೆ ಕೈಚೀಲವನ್ನು ಬೆಂಚಿನ ಮೇಲಿಟ್ಟು, ರಟ್ಟನ್ನು ಕೊರಳಿಗೆ ಹಾಕಿಕೊಂಡು, ಸೀಮೆಸುಣ್ಣದ ಬಾಗಿಲ ಮುಂದೆ ಬಂದು ನಿಂತು ಕಾಲಿನಿಂದ ಎರಡು ಸಲ ನೆಲ ತಟ್ಟಿದಳು. ಬಾಗಿಲಾಚೆ ವರಾಂಡದಲ್ಲಿ ಪೊರಕೆ ಹಿಡಿದು ಬಂದ ಗಂಟೆಯಮ್ಮ, ಆ ನೆಲವನ್ನು ಈಗಲೇ ಗುಡಿಸುವುದೋ ಬೇಡವೋ ಎಂದು ನಿಂತುಬಿಟ್ಟಳು.

"ಹೂ ಆರ್ ಯೂ?" ಎಂದಳು ಮೆಣಸು, ಗಂಭೀರವಾಗಿ.

"ಐ ಯಾಮ್ ಎ ಆಂಟ್."

"ಎ ಅಲ್ಲ! ಸ್ವರ ಬಂತಲ್ಲ, ಮೂತಿ ತಗಲಲ್ವಾ? ನಡುವೆ ಒಬ್ರು ಬೇಕು. ಆನ್ ಆಂಟ್." ಮೆಣಸು ಒಂದು ಸಲ ತನ್ನ ಟೀಚರ ಕಡೆ ನೋಡಿ, ಸರಿಯೇ ಎಂದು ಕಣ್ಣಲ್ಲೇ ಕೇಳಿ, ಮತ್ತೆ ಬಾಗಿಲ ಕಡೆ ತಿರುಗಿದಳು. "ಹಿಂದೆ ಹೋಗಿ. ಇನ್ನೊಂದ್ಸಲ ತಟ್ಟಿ."

ಹೊಸಬಳು ಎರಡು ಹೆಜ್ಜೆ ಹಿಂದೆ ಹೋಗಿ, ಮತ್ತೆ ಬಂದು ತಟ್ಟಿದಳು.